ಮುಂಡಗೋಡದ ನೆರೆಯವರು ಮತ್ತು ಒಂದು ತಾರೀಖು

ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಮುಂಡಗೋಡದ ಬಸ್ಸಿಗೆ ಕಾಯುತ್ತ ನಿಂತ ಕೆಂಪು ನಿಲುವಂಗಿಯ ಲಾಮಾಗಳನ್ನು ಕಾಣದ ಹುಬ್ಬಳ್ಳಿಯವರು ಇರಲಿಕ್ಕಿಲ್ಲ. ಕೈಯಲ್ಲಿ ಪೇಟೆಯ ಚೀಲ, ಬಾಯಲ್ಲಿ ‘ಬಸ್ ಯಾವಾಗ ಬಿಡ್ತೈತ್ರಿ’ ಎಂಬ ಅಚ್ಚ ಈ ಭಾಗದ ಕನ್ನಡ. ಚಳಿಗಾಲ ಬಂತೆಂದರೆ ರಸ್ತೆ ಬದಿಯಲ್ಲಿ ಸ್ವೆಟರು, ಶಾಲು ಹರವಿಕೊಂಡು ಕೂತ ಟಿಬೇಟಿಯನ್ ಹೆಣ್ಣುಮಕ್ಕಳೊಡನೆ ಚೌಕಾಶಿ ಮಾಡಿದ ನೆನಪು ಇಲ್ಲಿಯ ಹಲವು ಮನೆಗಳಲ್ಲಿ ಉಂಟು. ತಡಸ ದಾಟಿ ಒಂದೂವರೆ ತಾಸಿನೊಳಗೆ ತಲುಪುವ ಊರು ಅವರದು. ಇಷ್ಟೆಲ್ಲ ಪರಿಚಯವಿದ್ದೂ, ಇವರು ಯಾವ ಕಾಯ್ದೆಯ ನೆರಳಿನಲ್ಲಿ ಬದುಕಿದ್ದಾರೆ ಎಂದು ಕೇಳಿದರೆ ಕೆಲವರು ‘ಅವರೂ ಇಲ್ಲಿಯವರೇ ಅಲ್ಲವೇ’ ಎನ್ನುತ್ತಾರೆ, ಉಳಿದವರು ‘ನಿರಾಶ್ರಿತರು’ ಎನ್ನುತ್ತಾರೆ.

ಕಾಯ್ದೆಯ ಕಣ್ಣಿನಲ್ಲಿ ಎರಡೂ ಉತ್ತರ ಸರಿಯಲ್ಲ. ಭಾರತದ ಕಾಯ್ದೆ ಪುಸ್ತಕದಲ್ಲಿ ‘ನಿರಾಶ್ರಿತ’ ಎಂಬ ವರ್ಗವೇ ಇಲ್ಲ. 1951ರ ಅಂತಾರಾಷ್ಟ್ರೀಯ ನಿರಾಶ್ರಿತರ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ. ಇಲ್ಲಿ ಇರುವುದು ಎರಡೇ ಜಾತಿ: ಒಂದು ನಾಗರಿಕ, ಇನ್ನೊಂದು ವಿದೇಶಿ. ಬಸ್ಸಿಗೆ ಕಾಯುತ್ತಿರುವ ಲಾಮಾನ ಅಜ್ಜ ಇಲ್ಲಿಗೆ ಬಂದು ಅರುವತ್ತು ವರ್ಷವಾಗಿರಬಹುದು, ಅಪ್ಪ ಹುಟ್ಟಿದ್ದು ಮುಂಡಗೋಡದ ಕ್ಯಾಂಪಿನಲ್ಲಿಯೇ ಇರಬಹುದು. ಆದರೂ ಅವರ ಕಿಸೆಯಲ್ಲಿರುವುದು ವಿದೇಶಿಯರ ನೋಂದಣಿ ಪುಸ್ತಕ.

ಇವರು ಇಲ್ಲಿಗೆ ಬಂದ ಬಗೆಯನ್ನು ಮೊದಲು ನೆನೆಯಬೇಕು. 1959ರ ಮಾರ್ಚ್ ಕೊನೆಯಲ್ಲಿ ದಲೈ ಲಾಮಾ ಗಡಿ ದಾಟಿ ಬಂದರು. ಬೆನ್ನ ಹಿಂದೆ ಸಾವಿರಾರು ಜನ ಬಂದರು. ಹಿಮದ ನಾಡಿನವರನ್ನು ಎಲ್ಲಿ ಇಡುವುದು? ಒಳಗೆ ಬಿಟ್ಟುಕೊಳ್ಳುವುದು ಬಿಡುವುದು ದಿಲ್ಲಿಯ ಕೈಯಲ್ಲಿತ್ತು. ಆದರೆ ಇರಿಸಲು ನೆಲ ಬೇಕು, ಸಂವಿಧಾನದ ಪ್ರಕಾರ ನೆಲ ರಾಜ್ಯಗಳ ಸ್ವತ್ತು. ನೆಹರೂ ರಾಜ್ಯಗಳನ್ನು ಕೇಳಿದರು. ದೊಡ್ಡ ಪ್ರಮಾಣದಲ್ಲಿ ನೆಲ ಕೊಟ್ಟದ್ದು ಅಂದಿನ ಮೈಸೂರು ರಾಜ್ಯ. ದಲೈ ಲಾಮಾ ಇದಕ್ಕಾಗಿ ಎಸ್. ನಿಜಲಿಂಗಪ್ಪನವರನ್ನು ಮತ್ತೆ ಮತ್ತೆ ನೆನೆಸಿಕೊಂಡಿದ್ದಾರೆ, ಅದು ನ್ಯಾಯವೇ. ಆದರೆ 1960ರಲ್ಲಿ ಬೈಲಕುಪ್ಪೆಯ ಮೊದಲ ವಸತಿ ಶುರುವಾಗುವಾಗ ಮುಖ್ಯಮಂತ್ರಿಯ ಕುರ್ಚಿಯಲ್ಲಿ ಇದ್ದವರು ಜಮಖಂಡಿ ಕಡೆಯ ಬಿ.ಡಿ. ಜತ್ತಿಯವರು ಎಂಬುದನ್ನು ಈ ಭಾಗದವರಾದರೂ ನೆನಪಿನಲ್ಲಿ ಇಡಬಹುದು. 1966ರಲ್ಲಿ ಮುಂಡಗೋಡದ ಡೋಗುಲಿಂಗ್ ವಸತಿ ಆರಂಭವಾದದ್ದು ನಿಜಲಿಂಗಪ್ಪನವರ ಕಾಲದಲ್ಲಿ. ಸುಮಾರು ನಾಲ್ಕು ಸಾವಿರ ಎಕರೆ. ಅದರಲ್ಲಿ ಬಹುಪಾಲು ಕಾಡು. ಕಾಡು ಕಡಿದು ಜೋಳ, ಭತ್ತ ಬೆಳೆಯುವ ಹೊತ್ತಿಗೆ ಸೆಕೆಗೂ ಮಲೇರಿಯಾಕ್ಕೂ ಆನೆಗೂ ಒಗ್ಗಿಕೊಳ್ಳಬೇಕಾಯಿತು. 1970ರ ಸುಮಾರಿಗೆ ಗಾದೆನ್ ಮತ್ತು ಡ್ರೆಪುಂಗ್ ಮಠಗಳ ಸನ್ಯಾಸಿಗಳೂ ಇಲ್ಲಿಗೆ ಬಂದು ಸೇರಿದರು. ಅದಕ್ಕೂ ಮುನ್ನ ಅವರಲ್ಲಿ ಅನೇಕರು ಉಳಿದಿದ್ದದ್ದು ಬಂಗಾಲದ ಬಕ್ಸಾ ಎಂಬ ಕೋಟೆಯಲ್ಲಿ. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಜಾಗ ಅದು. ಕ್ಷಯ ರೋಗ ಅಲ್ಲಿ ಅನೇಕ ಸನ್ಯಾಸಿಗಳನ್ನು ಬಲಿ ತೆಗೆದುಕೊಂಡಿತ್ತು. ಇಂದು ಕರ್ನಾಟಕದಲ್ಲಿ ಬೈಲಕುಪ್ಪೆಯ ಎರಡು, ಹುಣಸೂರು, ಕೊಳ್ಳೇಗಾಲ, ಮುಂಡಗೋಡ ಎಂದು ಐದು ಟಿಬೇಟಿಯನ್ ವಸತಿಗಳಿವೆ.

ನೆಲ ರಾಜ್ಯದ್ದು ಸರಿ, ಮನುಷ್ಯ ಯಾರವನು? ಸಂವಿಧಾನದ ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 17ನೆಯ ನಮೂದು ಪೌರತ್ವ ಮತ್ತು ವಿದೇಶಿಯರದು, 19ನೆಯದು ದೇಶದೊಳಗೆ ಬರುವುದು ಹಾಗೂ ಹೊರಗೆ ಹಾಕುವುದು. ಇವು ಪೂರ್ತಿ ದಿಲ್ಲಿಯವು. ಆದರೆ ದಿಲ್ಲಿಗೆ ಊರೂರಲ್ಲಿ ಪೊಲೀಸರಿಲ್ಲವಲ್ಲ! ಆದ್ದರಿಂದ ಸಂವಿಧಾನದ 258ನೆಯ ವಿಧಿಯನ್ನು ಬಳಸಿ 1958ರಲ್ಲಿಯೇ ಕೇಂದ್ರ ಸರಕಾರ ವಿದೇಶಿಯರ ಕಾಯ್ದೆಯ ಅಧಿಕಾರಗಳನ್ನು ರಾಜ್ಯ ಸರಕಾರಗಳಿಗೆ ವಹಿಸಿಕೊಟ್ಟಿತು. ಹೀಗಾಗಿ ಮುಂಡಗೋಡದವರಿಗೆ ದಿಲ್ಲಿ ಎಂದರೆ ಕಾರವಾರದ ಎಸ್.ಪಿ. ಕಚೇರಿ. ನೋಂದಣಿ ಅಲ್ಲಿ, ನವೀಕರಣ ಅಲ್ಲಿ, ಊರು ಬದಲಿಸಿದರೆ ತಿಳಿಸಬೇಕಾದದ್ದೂ ಅಲ್ಲಿಯೇ. ಹಿಂದೆ ಈ ಪುಸ್ತಕವನ್ನು ವರ್ಷ ವರ್ಷ ನವೀಕರಿಸಬೇಕಾಗಿತ್ತು. ಇಲ್ಲಿಯೇ ಹುಟ್ಟಿದವರಿಗೆ, ಬಹುಕಾಲದಿಂದ ಇರುವವರಿಗೆ ಈಗ ಐದು ವರ್ಷಕ್ಕೊಮ್ಮೆ. ಪರದೇಶಕ್ಕೆ ಹೋಗಬೇಕೆಂದರೆ ಪಾಸ್‌ಪೋರ್ಟು ಇಲ್ಲ, ‘ಹಳದಿ ಪುಸ್ತಕ’ ಎಂದು ಕರೆಯಲ್ಪಡುವ ಗುರುತಿನ ಪ್ರಮಾಣಪತ್ರ. ಅದನ್ನು ಹಿಡಿದು ವಿಮಾನ ನಿಲ್ದಾಣದಲ್ಲಿ ನಿಂತವರ ಫಜೀತಿ ಬೇರೆಯೇ. ಎಷ್ಟೋ ದೇಶಗಳ ಅಧಿಕಾರಿಗಳಿಗೆ ಅದೇನೆಂದೇ ತಿಳಿಯುವುದಿಲ್ಲ.

ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಧಾರವಾಡದ ಸಪ್ತಾಪುರದಲ್ಲಿ ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಗಳು ಕಡಿಮೆಯಿಲ್ಲ. 2025ರ ಫೆಬ್ರವರಿಯಲ್ಲಿ 104 ಜನ ಭಾರತೀಯರನ್ನು ಕೈಗೆ ಕೋಳ ಹಾಕಿ ಅಮೆರಿಕದ ಸೇನಾ ವಿಮಾನದಲ್ಲಿ ಅಮೃತಸರಕ್ಕೆ ತಂದಿಳಿಸಿದಾಗ ಆ ಮನೆಗಳವರು, ಕಾಗದಪತ್ರ ನೆಟ್ಟಗಿದ್ದವರು ಕೂಡ, ಒಮ್ಮೆ ಎದೆ ಮುಟ್ಟಿ ನೋಡಿಕೊಂಡಿರಬೇಕು. ಅಲ್ಲಿ ಒಂದು ವಿಶೇಷವಿದೆ. ವಲಸೆ ವಿಷಯ ಅಲ್ಲಿಯೂ ಕೇಂದ್ರದ್ದೇ. ಆದರೆ ಕೇಂದ್ರವು ರಾಜ್ಯದ ಅಧಿಕಾರಿಗಳಿಗೆ ‘ನೀವು ನನ್ನ ಕೆಲಸ ಮಾಡಿ’ ಎಂದು ಅಪ್ಪಣೆ ಮಾಡುವಂತಿಲ್ಲ ಎಂದು ಅವರ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಆ ಬಲದಿಂದ ಕ್ಯಾಲಿಫೋರ್ನಿಯಾ ರಾಜ್ಯ 2017ರಲ್ಲಿ ಕಾಯ್ದೆಯನ್ನೇ ಮಾಡಿ, ತನ್ನ ಪೊಲೀಸರು ಕೇಂದ್ರದ ವಲಸೆ ಅಧಿಕಾರಿಗಳಿಗೆ ಎಷ್ಟರ ಮಟ್ಟಿಗೆ ನೆರವಾಗಬಹುದು ಎಂಬುದಕ್ಕೆ ಗೆರೆ ಎಳೆಯಿತು. ಇಲ್ಲಿ ಅಂಥ ಗೆರೆ ಎಳೆಯಲು ಬರುವುದಿಲ್ಲ. ಕರ್ನಾಟಕದ ಪೊಲೀಸರ ಕೈ, ಈ ಮಟ್ಟಿಗೆ, ದಿಲ್ಲಿಯ ಕೈಯೇ.

ಹಾಗಾದರೆ ರಾಜ್ಯದ ಹತ್ತಿರ ಉಳಿಯುವುದೇನು ಎಂಬುದು ಪ್ರಶ್ನೆ. ಉಳಿಯುವುದು ಸಣ್ಣದಲ್ಲ: ನೆಲದ ಗುತ್ತಿಗೆ, ಪಡಿತರ, ಶಾಲೆ, ಆಸ್ಪತ್ರೆ, ಅಂಗಡಿ ಪರವಾನಿಗೆ, ಜನನ ಮರಣದ ರಜಿಸ್ಟರು. ಕೇಂದ್ರ ಸರಕಾರ 2014ರ ಅಕ್ಟೋಬರಿನಲ್ಲಿ ಟಿಬೇಟಿಯನ್ ಪುನರ್ವಸತಿ ನೀತಿ ಎಂದು ಒಂದನ್ನು ಹೊರಡಿಸಿ, ವಸತಿಗಳ ನೆಲಕ್ಕೆ ಇಪ್ಪತ್ತು ವರ್ಷದ ಗುತ್ತಿಗೆ ಪತ್ರ ಮಾಡಿಕೊಡಿ, ಪಡಿತರ, ಉದ್ಯೋಗ ಖಾತ್ರಿಯಂಥ ಯೋಜನೆಗಳನ್ನು ಇವರಿಗೂ ಮುಟ್ಟಿಸಿ, ವ್ಯಾಪಾರಕ್ಕೆ ಪರವಾನಿಗೆ ಕೊಡಿ ಎಂದು ರಾಜ್ಯಗಳಿಗೆ ಹೇಳಿತು. ನೀತಿಯೇನೋ ಒಳ್ಳೆಯದೇ. ಆದರೆ ನೀತಿ ಎಂದರೆ ಕಾಯ್ದೆಯಲ್ಲ. ಒಂದು ಸಹಿಯಿಂದ ಬಂದದ್ದು ಇನ್ನೊಂದು ಸಹಿಯಿಂದ ಹೋಗುತ್ತದೆ. ಅರುವತ್ತು ವರ್ಷಗಳ ಕಾಲ ಈ ಜನ ಬದುಕಿದ್ದು ಸಹಿಗಳ ಮೇಲೆ, ಹಕ್ಕಿನ ಮೇಲಲ್ಲ.

ಒಂದು ಚೋದ್ಯವನ್ನೂ ಇಲ್ಲಿ ಹೇಳಬೇಕು. ರಾತ್ರಿ ಸೀಟಿ ಊದುತ್ತ ಹುಬ್ಬಳ್ಳಿಯ ಓಣಿಗಳನ್ನು ಕಾಯುವ ಗೂರ್ಖಾ ನೇಪಾಳದ ಪ್ರಜೆ. 1950ರ ಭಾರತ-ನೇಪಾಳ ಒಪ್ಪಂದದ ದೆಸೆಯಿಂದ ಅವನಿಗೆ ವೀಸಾ ಬೇಡ, ನೋಂದಣಿ ಬೇಡ. ನಿನ್ನೆ ಬಂದು ಇಂದು ಕೆಲಸಕ್ಕೆ ನಿಲ್ಲಬಹುದು. ಮುಂಡಗೋಡದ ಹೊಲದಲ್ಲಿ ಮೂರು ತಲೆಮಾರು ದುಡಿದವನಿಗೆ ಎಲ್ಲವೂ ಬೇಕು. ಅವನಿಗೆ ಇದ್ದ ದೇಶ ಇವನಿಗೆ ಇಲ್ಲ, ಅಷ್ಟೇ ವ್ಯತ್ಯಾಸ.

ಸಹಿಯ ಜಾಗದಲ್ಲಿ ಹಕ್ಕು ಕಾಣಿಸಿಕೊಂಡದ್ದು ನ್ಯಾಯಾಲಯದಲ್ಲಿ. 1955ರ ಪೌರತ್ವ ಕಾಯ್ದೆಯ 3ನೆಯ ಕಲಮು ಮೊದಲು ಬಲು ಉದಾರವಾಗಿತ್ತು. 1950ರ ಜನವರಿ 26ರಂದು ಅಥವಾ ಆನಂತರ ಭಾರತದ ನೆಲದಲ್ಲಿ ಹುಟ್ಟಿದವರೆಲ್ಲ ಭಾರತೀಯರು. ಅಪ್ಪ ಯಾರು, ಅವ್ವ ಯಾರು ಎಂದು ಅದು ಕೇಳುತ್ತಿರಲಿಲ್ಲ. ಅಸ್ಸಾಮಿನಲ್ಲಿ ಬಾಂಗ್ಲಾದೇಶದ ವಲಸೆಯ ಗದ್ದಲ ಎದ್ದ ಮೇಲೆ ಈ ಬಾಗಿಲನ್ನು ಅರ್ಧ ಮುಚ್ಚಲಾಯಿತು. 1987ರ ಜುಲೈ 1ರಿಂದ ಹುಟ್ಟಿದವರಿಗೆ ತಂದೆ ತಾಯಿಗಳಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. 2004ರ ಡಿಸೆಂಬರ್ 3ರಿಂದ ಇನ್ನೂ ಬಿಗಿ: ಇಬ್ಬರೂ ಭಾರತೀಯರಿರಬೇಕು, ಇಲ್ಲವೇ ಒಬ್ಬರು ಭಾರತೀಯರಿದ್ದು ಇನ್ನೊಬ್ಬರು ಅಕ್ರಮ ವಲಸೆಗಾರರಾಗಿರಕೂಡದು.

ಬ್ರಹ್ಮಪುತ್ರೆಯ ದಂಡೆಯ ಜಗಳಕ್ಕೆ ಹಾಕಿದ ಬೇಲಿ ಮುಂಡಗೋಡದ ಒಂದೇ ಮನೆಯನ್ನು ಎರಡು ಹೋಳು ಮಾಡಿತು. 1987ರ ಜೂನಿನಲ್ಲಿ ಹುಟ್ಟಿದ ಅಣ್ಣ ಭಾರತೀಯ; 1989ರಲ್ಲಿ ಅದೇ ಕೋಣೆಯಲ್ಲಿ, ಅದೇ ತಾಯಿಗೆ ಹುಟ್ಟಿದ ತಂಗಿ ವಿದೇಶಿ. ಅದಕ್ಕಿಂತ ವಿಚಿತ್ರವೆಂದರೆ, ಆ ಅಣ್ಣನಿಗೂ ತಾನು ಭಾರತೀಯನೆಂದು ಬಹುಕಾಲ ಯಾರೂ ಹೇಳಲಿಲ್ಲ. ಅವನ ಕೈಗೂ ವಿದೇಶಿಯ ಪುಸ್ತಕವನ್ನೇ ಕೊಡಲಾಯಿತು. ಪಾಸ್‌ಪೋರ್ಟು ಕೇಳಲು ಹೋದರೆ, ‘ನೀನು ವಿದೇಶಿಯೆಂದು ನೋಂದಾಯಿಸಿಕೊಂಡಿದ್ದೀಯಲ್ಲ’ ಎಂಬ ಉತ್ತರ.

1986ರಲ್ಲಿ ಹಿಮಾಚಲದ ಕಾಂಗ್ಡಾದಲ್ಲಿ ಹುಟ್ಟಿದ ಒಬ್ಬ ಟಿಬೇಟಿಯನ್ ಯುವತಿ ಇದೇ ಉತ್ತರವನ್ನು ಪ್ರಶ್ನಿಸಿದಾಗ ದಿಲ್ಲಿ ಹೈಕೋರ್ಟು 2010ರ ಡಿಸೆಂಬರಿನಲ್ಲಿ ಆಕೆ ಹುಟ್ಟಿನಿಂದಲೇ ಭಾರತೀಯಳು ಎಂದು ತೀರ್ಪಿತ್ತಿತು. ಆದರೂ ಕಚೇರಿಗಳು ಅದು ಆ ಒಬ್ಬಳ ಮಾತು ಎಂಬಂತೆ ಕೂತವು. 2013ರ ಆಗಸ್ಟಿನಲ್ಲಿ ಕರ್ನಾಟಕ ಹೈಕೋರ್ಟಿನ ಸರದಿ ಬಂತು. ಅರ್ಜಿದಾರರು ಲಿಂಗ್ ರಿನ್‌ಪೋಚೆ: 1985ರಲ್ಲಿ ಧರ್ಮಶಾಲೆಯಲ್ಲಿ ಹುಟ್ಟಿ, ಮುಂಡಗೋಡದ ಡ್ರೆಪುಂಗ್ ಲೋಸೆಲಿಂಗ್ ಮಠದಲ್ಲಿ ಓದಿದ ಧರ್ಮಗುರು. 1950ರ ಜನವರಿ 26 ಮತ್ತು 1987ರ ಜುಲೈ 1ರ ನಡುವೆ ಭಾರತದಲ್ಲಿ ಹುಟ್ಟಿದ ಟಿಬೇಟಿಯನ್ನರು ಹುಟ್ಟಿನಿಂದಲೇ ಪೌರರು; ಯಾವುದೋ ಪುಸ್ತಕ ಕೈಯಲ್ಲಿದೆ ಎಂಬ ಮಾತ್ರಕ್ಕೆ ಅದು ಅಳಿಯುವುದಿಲ್ಲ ಎಂದು ನ್ಯಾಯಾಲಯ ಸ್ಪಷ್ಟಪಡಿಸಿತು. ಈ ತೀರ್ಪಿನ ಆಧಾರದ ಮೇಲೆ 2014ರ ಫೆಬ್ರವರಿಯಲ್ಲಿ ಚುನಾವಣಾ ಆಯೋಗ ಇಂಥವರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಿಕೊಳ್ಳುವಂತೆ ಎಲ್ಲ ರಾಜ್ಯಗಳಿಗೆ ತಿಳಿಸಿತು. ಮುಂಡಗೋಡದ ಮಠದಿಂದ ಹೊರಟ ಒಂದು ಅರ್ಜಿ ಲಡಾಖಿನವರೆಗೆ ಕೆಲಸ ಮಾಡಿತು. ಈ ಸಂಗತಿ ಹುಬ್ಬಳ್ಳಿ-ಧಾರವಾಡದಲ್ಲಿ ಆಗಬೇಕಾದಷ್ಟು ಸುದ್ದಿಯಾಗಲಿಲ್ಲ.

ದೇವರು ವರ ಕೊಟ್ಟರೂ ಪೂಜಾರಿ ಕೊಡಲಾರ. 2016ರಲ್ಲಿ ದಿಲ್ಲಿ ಹೈಕೋರ್ಟು ಮತ್ತೊಮ್ಮೆ ಅದೇ ಮಾತನ್ನು ಹೇಳಿದ ಮೇಲೆ, 2017ರಲ್ಲಿ ವಿದೇಶಾಂಗ ಇಲಾಖೆ ಪಾಸ್‌ಪೋರ್ಟು ಕೊಡಿ ಎಂದು ಕಚೇರಿಗಳಿಗೆ ಸೂಚಿಸಿತು. ಬೆನ್ನಿಗೇ ಷರತ್ತುಗಳು ಬಂದವು: ನೋಂದಣಿ ಪುಸ್ತಕ, ಹಳದಿ ಪುಸ್ತಕ ಎರಡನ್ನೂ ಒಪ್ಪಿಸಬೇಕು, ಟಿಬೇಟಿಯನ್ ಆಡಳಿತದ ಸೌಲಭ್ಯ ಪಡೆಯಕೂಡದು, ಟಿಬೇಟಿಯನ್ ವಸತಿಯಲ್ಲಿ ವಾಸಿಸಕೂಡದು. ಮೊದಲಿನವು ಅರ್ಥವಾಗುತ್ತವೆ. ಎರಡು ದೋಣಿಯಲ್ಲಿ ಕಾಲಿಡಬೇಡ ಎಂದರೆ ತಪ್ಪಲ್ಲ. ಕೊನೆಯದನ್ನು ಏನೆನ್ನಬೇಕು? ಹುಟ್ಟಿದ ನೆಲದ ಬಲದಿಂದ ನೀನು ಭಾರತೀಯ ಎಂದು ನ್ಯಾಯಾಲಯ ಹೇಳುತ್ತದೆ. ಭಾರತೀಯನಾಗಬೇಕಾದರೆ ಆ ಹುಟ್ಟಿದ ಮನೆ ಬಿಡು ಎಂದು ಕಚೇರಿ ಹೇಳುತ್ತದೆ. ವಯಸ್ಸಾದ ತಂದೆ ತಾಯಿಯನ್ನು ಕ್ಯಾಂಪಿನಲ್ಲಿ ಬಿಟ್ಟು ಪಾಸ್‌ಪೋರ್ಟಿಗಾಗಿ ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆ ಹಿಡಿಯಬೇಕೇ? ಇನ್ನು ಕೆಲವರು ಪೌರತ್ವವೇ ಬೇಡವೆಂದರು. ಅದನ್ನು ಪಡೆದರೆ ಟಿಬೇಟನ್ನು ಮರೆತಂತಾಗುತ್ತದೆ ಎಂಬ ಅಳುಕು ಅವರದು. ಅಂಥವರ ಮನಸ್ಸನ್ನೂ ಗೌರವಿಸಬೇಕು. ಆದರೆ ಬೇಡ ಎನ್ನುವ ಮೊದಲು ಅದು ಕೈಗೆ ಸಿಗುವಂತಿರಬೇಕಷ್ಟೆ.

ರಾಜ್ಯ ಎಂಬುದು ಎಲ್ಲ ಕಡೆ ನಿಜಲಿಂಗಪ್ಪನವರ ರಾಜ್ಯವಲ್ಲ. ಅರುಣಾಚಲದಲ್ಲಿ 1964ರಿಂದ ನೆಲೆಸಿದ್ದ ಚಕ್ಮಾ ಜನರನ್ನು ಸ್ಥಳೀಯ ಸಂಘಟನೆಗಳು ಹೊರಗಟ್ಟಲು ನೋಡಿದಾಗ ಅಲ್ಲಿಯ ರಾಜ್ಯ ಸರಕಾರ ಅವರ ನೆರವಿಗೆ ಬರಲಿಲ್ಲ. ಅಲ್ಲಿ ಕಾಪಾಡಿದ್ದು 1996ರ ಸುಪ್ರೀಮ್ ಕೋರ್ಟಿನ ತೀರ್ಪು. ಸಂವಿಧಾನದ 21ನೆಯ ವಿಧಿ ‘ಪೌರ’ ಎನ್ನುವುದಿಲ್ಲ, ‘ವ್ಯಕ್ತಿ’ ಎನ್ನುತ್ತದೆ. ಪ್ರತಿ ಮನುಷ್ಯನ ಜೀವವನ್ನು ಕಾಯುವುದು ರಾಜ್ಯದ ಹೊಣೆ ಎಂದು ಆ ತೀರ್ಪು ಹೇಳಿತು. ದೇಶದಲ್ಲಿ ನೆಲೆಸುವ ಹಕ್ಕು ವಿದೇಶಿಗೆ ಇಲ್ಲ ನಿಜ, ಅದನ್ನು ಸುಪ್ರೀಮ್ ಕೋರ್ಟೇ ಹಲವು ಬಾರಿ ಹೇಳಿದೆ. ಆದರೆ ಇರುವಷ್ಟು ದಿನ ಕಾಯ್ದೆಯ ಹೊರಗೆ ಯಾರೂ ಅವನನ್ನು ಮುಟ್ಟುವಂತಿಲ್ಲ.

ಕರ್ನಾಟಕವೂ ಈ ಪರೀಕ್ಷೆಯಲ್ಲಿ ಎಡವಿದ್ದುಂಟು. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ‘ಬಾಂಗ್ಲಾದೇಶದವರು’ ಎಂಬ ಗುಲ್ಲಿನ ಮೇಲೆ ಕೂಲಿಕಾರರ ಗುಡಿಸಲುಗಳನ್ನು ಯಂತ್ರ ತಂದು ಕೆಡವಲಾಯಿತು. ನೋಡಿದರೆ ಬೀದಿಗೆ ಬಿದ್ದವರಲ್ಲಿ ಅಸ್ಸಾಮಿನವರು, ತ್ರಿಪುರಾದವರು ಮಾತ್ರವಲ್ಲ, ಉತ್ತರ ಕರ್ನಾಟಕದಿಂದ ದುಡಿಯಲು ಹೋದವರೂ ಇದ್ದರು! ಈ ಸೀಮೆಯ ಭಾಷೆ ಆಡುವವರು ರಾಜಧಾನಿಯಲ್ಲಿ ಒಂದು ದಿನದ ಮಟ್ಟಿಗೆ ಬಾಂಗ್ಲಾದೇಶೀಯರಾದರು. ಹೈಕೋರ್ಟು ಮಧ್ಯೆ ಬಂದು ಕೆಡವುವುದನ್ನು ತಡೆಯಿತು, ಸರಕಾರವನ್ನು ತರಾಟೆಗೆ ತೆಗೆದುಕೊಂಡಿತು. ವಿದೇಶಿಯರ ಕಾಯ್ದೆಯ ಅಪಾಯ ಇರುವುದೇ ಇಲ್ಲಿ. ‘ನೀನು ವಿದೇಶಿ’ ಎಂದು ಒಮ್ಮೆ ಬೆರಳು ತೋರಿಸಿದರೆ ಸಾಕು, ‘ಅಲ್ಲ’ ಎಂದು ಸಾಬೀತು ಮಾಡುವ ಭಾರ ತೋರಿಸಿದವನ ಮೇಲಲ್ಲ, ತೋರಿಸಿಕೊಂಡವನ ಮೇಲೆ. 1946ರ ಕಾಯ್ದೆಯ 9ನೆಯ ಕಲಮು ಹಾಗೆ ಹೇಳುತ್ತಿತ್ತು. 2025ರ ಸೆಪ್ಟೆಂಬರ್ 1ರಿಂದ ಆ ಕಾಯ್ದೆ ಹೋಗಿ ವಲಸೆ ಮತ್ತು ವಿದೇಶಿಯರ ಕಾಯ್ದೆ ಎಂಬ ಹೊಸದು ಬಂದಿದೆ; ಭಾರ ಮಾತ್ರ ಹಳೆಯ ಹೆಗಲ ಮೇಲೆಯೇ ಇದೆ. ಅದೇ ವರ್ಷ, ದಾಖಲೆ ತೋರಿಸಲಾಗದ ಬಂಗಾಲಿ ಮಾತಿನ ಕೂಲಿಕಾರರನ್ನು ಗಡಿಯಾಚೆ ದಬ್ಬಿ, ಅವರು ಇಲ್ಲಿಯವರೇ ಎಂದು ಗೊತ್ತಾದ ಮೇಲೆ ಪಶ್ಚಿಮ ಬಂಗಾಲ ಸರಕಾರ ನಡುವೆ ಬಂದು ಕೆಲವರನ್ನು ವಾಪಸು ಕರೆಸಿಕೊಳ್ಳಬೇಕಾಯಿತು.

ಹೊಸ ಕಾಯ್ದೆಯ ಜೊತೆಗೆ ಹೊರಬಿದ್ದ ವಿನಾಯಿತಿ ಆದೇಶದಲ್ಲಿ ನೋಂದಣಿಯಾದ ಟಿಬೇಟಿಯನ್ನರ ಹೆಸರಿದೆ. ಮುಂಡಗೋಡದವರು ಸದ್ಯಕ್ಕೆ ನಿಶ್ಚಿಂತೆಯಿಂದ ಇರಬಹುದು. ಆದರೆ ಅದೂ ಒಂದು ಆದೇಶವೇ.

ನ್ಯಾಯದ ಬಾಗಿಲು ಇವರಿಗೆ ದೂರವೇನಿಲ್ಲ. 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆದ ಧಾರವಾಡದ ಹೈಕೋರ್ಟು ಪೀಠದ ವ್ಯಾಪ್ತಿಗೆ ಉತ್ತರ ಕನ್ನಡವೂ ಸೇರಿದೆ. ವಕೀಲರ ಖರ್ಚಿನ ಭಯವಿದ್ದವರಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಇದೆ. ಅದರ 12ನೆಯ ಕಲಮಿನ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗಬೇಕು. ಪೌರರಿಗೆ ಮಾತ್ರ ಎಂಬ ಷರತ್ತು ಅದರಲ್ಲಿಲ್ಲ. ಜಿಲ್ಲಾ ನ್ಯಾಯಾಲಯಗಳಲ್ಲಿ ಪ್ರಾಧಿಕಾರದ ಕಚೇರಿಗಳಿವೆ, 15100 ಎಂಬ ದೂರವಾಣಿ ಸಂಖ್ಯೆಯೂ ಇದೆ. ವಿದೇಶಿಗೆ ಉಚಿತ ವಕೀಲರೇ ಎಂದು ಹುಬ್ಬೇರಿಸುವ ಗುಮಾಸ್ತರು ಸಿಕ್ಕಾರು. ಅಂಥವರಿಗೆ 12ನೆಯ ಕಲಮನ್ನು ತೋರಿಸಿದರಾಯಿತು.

ಇನ್ನೊಂದು ಅಸಮಾಧಾನವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಮುಂಡಗೋಡ, ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಎಮ್ಮೆ ಸಾಕಿಕೊಂಡು ತಲೆಮಾರುಗಳಿಂದ ಇರುವ ಗೌಳಿಗರು, ‘ಹೊರಗಿನವರಿಗೆ ಸಾವಿರಾರು ಎಕರೆ ಕೊಟ್ಟ ಸರಕಾರ ನಮಗೆ ಮನೆ ನಿಂತ ಜಾಗದ ಪಟ್ಟಾ ಕೊಡಲಿಲ್ಲ’ ಎಂದರೆ ಅವರನ್ನು ಸಣ್ಣ ಮನಸ್ಸಿನವರು ಎನ್ನಲಾದೀತೇ? 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿಯೇ ಇದ್ದುದನ್ನು ತೋರಿಸಬೇಕು. ಎಮ್ಮೆಯ ಹಿಂದೆ ಅಲೆದವರ ಹತ್ತಿರ 75 ವರ್ಷದ ಕಾಗದ ಎಲ್ಲಿಂದ ಬರಬೇಕು? ಟಿಬೇಟಿಯನ್ನರಿಗೆ ಕೊಟ್ಟದ್ದು ಹೆಚ್ಚಾಯಿತು ಎನ್ನುವುದಕ್ಕಿಂತ, ಇವರಿಗೆ ಕೊಡದೆ ಉಳಿದದ್ದೇ ತಪ್ಪು ಎನ್ನಬೇಕು. ಒಬ್ಬರ ಗುತ್ತಿಗೆಯನ್ನು ಕಸಿದರೆ ಇನ್ನೊಬ್ಬರಿಗೆ ಪಟ್ಟಾ ಬರುವುದಿಲ್ಲ.

ಅತ್ತ ಕ್ಯಾಂಪಿನಲ್ಲಿಯೂ ತಾಪತ್ರಯ ಕಾಗದದ್ದೇ. 1987ಕ್ಕೆ ಮುನ್ನ ಹುಟ್ಟಿದ್ದರೆ ಭಾರತೀಯ. ಹುಟ್ಟಿದ್ದನ್ನು ತೋರಿಸುವುದು ಹೇಗೆ? ಮನೆಯಲ್ಲಿಯೇ ಹೆರಿಗೆಯಾಗುತ್ತಿದ್ದ ಕಾಲ ಅದು. ಅಂಥವರ ಹೆಸರು ಜನನ ರಜಿಸ್ಟರಿನಲ್ಲಿ ಇಲ್ಲದಿದ್ದರೆ ಆಶ್ಚರ್ಯವಿಲ್ಲ. ಒಂದು ವರ್ಷ ದಾಟಿದ ಜನನವನ್ನು ದಾಖಲಿಸಲು ಮೊದಲು ಮ್ಯಾಜಿಸ್ಟ್ರೇಟರ ನ್ಯಾಯಾಲಯದ ಆದೇಶ ತರಬೇಕಿತ್ತು. 2023ರಲ್ಲಿ ಜನನ ಮರಣ ನೋಂದಣಿ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಆ ಅಧಿಕಾರ ಕಂದಾಯ ಅಧಿಕಾರಿಗಳ ಕೈಗೆ ಬಂದಿದೆ. ಇದು ದಿಲ್ಲಿಯ ಅಪ್ಪಣೆ ಬೇಡದ, ಪೂರ್ತಿ ರಾಜ್ಯದ ಕೈಯಲ್ಲಿರುವ ಕೆಲಸ. ಮುಂಡಗೋಡ ಇರುವುದು ಶಿರಸಿ ಉಪವಿಭಾಗದಲ್ಲಿ. ಕ್ಯಾಂಪಿನವರ ಜನನ ದಾಖಲೆಯ ಅರ್ಜಿಯೂ, ಗೌಳಿಗರ ಅರಣ್ಯ ಹಕ್ಕಿನ ಅರ್ಜಿಯೂ ಹೋಗಿ ಕೂಡುವುದು ಅಲ್ಲಿಯ ಉಪವಿಭಾಗಾಧಿಕಾರಿಯ ಮೇಜಿನ ಮೇಲೆ.